ಬಾಂಬು ಹಾಕದ ವಿಮಾನ

ಬಂದ್ಯೋಡಿನ ನಮ್ಮ ವಾಚನಾಲಯದಿಂದ ತಾಲೂಕು ಭಾಷಣ ಸ್ಪರ್ಧೆಗೆ ಪ್ರತಿವರ್ಷ ಒಬ್ಬರನ್ನೇ ಕಳಿಸುವುದು. ಮೂರು ವರ್ಷ ಹೋದದ್ದು ನಾನು. ಕಳೆದ ವರ್ಷ ನನ್ನ ಗೆಳತಿಯೂ ಹೆಸರು ಕೊಟ್ಟಳು. ಪೇಟೆಯ ಚಪ್ಪಲಿ ಅಂಗಡಿಯವರ ಮಗಳು, ಮನೆ ನಮ್ಮ ಕಡೆಗೇ, ದಿನಾ ನನ್ನದೇ ಬಸ್ಸಿನಲ್ಲಿ ಕಾಲೇಜಿಗೆ ಬರುವವಳು. ಸಭೆಯಲ್ಲಿ ಅವಳು ಬಾಯಿ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ.

ಅವಳ ವಿಷಯ, ಮಹಾಯುದ್ಧದಲ್ಲಿ ಕಡಲು ಕಾಯುತ್ತಿದ್ದ ಬಾಂಬರ್ ವಿಮಾನಗಳು. ಆಯ್ಕೆಯ ದಿನ ಅಡಿಕೆ ಹಾಳೆ ಕತ್ತರಿಸಿ ಹೊಲಿದ ವಿಮಾನದ ಮಾದರಿಯೊಂದನ್ನು ತಂದಿದ್ದಳು. ಎಲ್ಲರೂ ಅದನ್ನೇ ಮುಟ್ಟಿ ನೋಡುತ್ತಿದ್ದರು. ನನಗೆ ಹೊಟ್ಟೆಕಿಚ್ಚಿಗೆ ಅಷ್ಟು ಸಾಕಾಯಿತು.

"ಹೊಟ್ಟೆ ದೋಣಿಯದ್ದು, ನೀರಿಗೇ ಇಳಿಯಲಿಕ್ಕೆ. ರೆಕ್ಕೆ ಇಷ್ಟು ಮೇಲೆ, ಎಂಜಿನಿಗೆ ನೀರು ಹಾರಬಾರದಲ್ಲ. ವೇಗ ಕಮ್ಮಿ. ಆದರೆ ಬೆಳಗ್ಗೆ ಹೊರಟರೆ ಸಂಜೆವರೆಗೆ ಹಾರ್ತಿತ್ತು," ಎಂದಳು.

ಒಬ್ಬರ ಮಾತು ಮುಗಿದ ಮೇಲೆ ಎದುರಾಳಿ ಪ್ರಶ್ನೆ ಕೇಳಬೇಕೆಂಬುದು ನಿಯಮ. ಹಟ ಹಿಡಿದು ಅದನ್ನು ಮಾಡಿಸಿದವಳು ನಾನೇ.

"ಹೆಚ್ಚಿನ ದಿನ ಇವು ಒಂದು ಬಾಂಬೂ ಹಾಕದೆ ವಾಪಸು ಬಂದದ್ದು ಹೌದೋ ಅಲ್ಲವೋ?"

"ಹೌದು."

"ಮತ್ತೆ ಯುದ್ಧದಲ್ಲಿ ಅವಕ್ಕೆ ಎಂತ ಕೆಲಸ? ಪೆಟ್ರೋಲು ಸುಡುವುದಾ?"

ಹಿಂದಿನ ಬೆಂಚಿನವರು ನಕ್ಕರು. ಅವಳೂ ನಕ್ಕಳು.

"ಆಗಿನ ಜಲಾಂತರ್ಗಾಮಿ ಹೆಚ್ಚು ಹೊತ್ತು ನೀರಿನ ಮೇಲೆಯೇ ಓಡ್ತಿದ್ದದ್ದು. ವಿಮಾನ ಕಂಡಿತೋ, ಮುಳುಗಬೇಕು. ಮುಳುಗಿದರೆ ಬ್ಯಾಟರಿಯಲ್ಲಿ ತೆವಳಬೇಕು. ಅಷ್ಟರಲ್ಲಿ ಅದು ಹೊಂಚಿದ ಹಡಗುಗಳು ದಾಟಿ ಆಯ್ತು. ಬಾಂಬು ಹಾಕಿದ್ದೂ ಉಂಟು. ಆದರೆ ಎಷ್ಟೋ ಸಲ ಮೇಲೆ ಇದ್ದರೆ ಸಾಕಿತ್ತು." ಆಮೇಲೆ ನನ್ನನ್ನೇ ನೋಡಿ, "ನಿನ್ನ ಹಾಗೆ ಮಾರಾಯ್ತಿ. ನೀನು ಮುಂದಿನ ಬೆಂಚಲ್ಲಿ ಕೂತದ್ದು ನೋಡಿಯೇ ಮೂರು ವರ್ಷ ನಾನು ಹೆಸರು ಕೊಡ್ಲಿಲ್ಲ," ಎಂದಳು.

ಈ ಸಲದ ನಗು ನನ್ನ ಕಡೆಯದ್ದಾಗಿರಲಿಲ್ಲ. ನನ್ನ ಚೀಟಿಯಲ್ಲಿ ಇನ್ನೊಂದು ಪ್ರಶ್ನೆ ಇತ್ತು, ಒಳ್ಳೆಯ ಪ್ರಶ್ನೆ: ಮುಂದೆ ಕೆಲವು ಜಲಾಂತರ್ಗಾಮಿಗಳು ಮುಳುಗದೆ, ಮೇಲೆಯೇ ನಿಂತು ವಿಮಾನಕ್ಕೆ ಗುಂಡು ಹೊಡೆದವಲ್ಲ, ಆಗ? ಉತ್ತರ ನನ್ನೆದುರೇ ನಿಂತಿತ್ತು, ಮುಳುಗದೆ. ಚೀಟಿ ಮಡಚಿದೆ.

ಕಾರ್ಯದರ್ಶಿ ಅವಳ ಹೆಸರು ಬರೆದುಕೊಂಡರು.

ಮನೆಗೆ ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಮಾತ್ರ ಸೀಟು ಸಿಕ್ಕಿತು. "ಸ್ವಲ್ಪ ಹಿಡ್ಕೊ, ರೆಕ್ಕೆ ಜಾಗ್ರತೆ," ಎಂದು ಅವಳು ಮಾದರಿಯನ್ನು ನನ್ನ ಮಡಿಲಲ್ಲಿಟ್ಟಳು. ತಿರುಗಿಸಿ ತಿರುಗಿಸಿ ನೋಡಿದೆ. ಎಡ ರೆಕ್ಕೆಯನ್ನು ಓರೆಯಾಗಿ ಹೊಲಿದಿದ್ದಳು. ಸ್ಪರ್ಧೆಗೆ ಇನ್ನೂ ಹತ್ತು ದಿನ ಇತ್ತು, ಬಿಚ್ಚಿ ಹೊಲಿಯಬಹುದಿತ್ತು.

ನಾನು ಹೇಳಲಿಲ್ಲ.