ಟೈರಿನ ಮೇಲೆ ಹಾಕಿದ ತಪ್ಪು

ಪರ್ತ್ ಬಿಟ್ಟು ಅಡಿಲೇಡಿಗೆ ಹೊರಡುವ ಮುಂಚಿನ ಶನಿವಾರ ಟೈರು ಕೊಳ್ಳಲು ಆ ಊರಿನದೇ ಬಡಾವಣೆಯಾದ ವೆಲ್ಷ್‌ಪೂಲಿಗೆ ಹೋಗಿದ್ದೆವು. ಎಪ್ಪತ್ತರ ದಶಕದ ನಡುವಿನ ಮಾತು. ನಾನೂ ನನ್ನ ಗಂಡನೂ ಮೈಸೂರಿನಲ್ಲಿ ಓದಿ ಡಾಕ್ಟರಾದವರು. ಅವರಿಗೆ ಅಡಿಲೇಡಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ನನಗೆ ಆ ಊರಿನ ಹಿಂದಿನ ಬೆಟ್ಟಗಳ ಮೇಲೊಂದು ಸಣ್ಣ ಕ್ಲಿನಿಕ್ಕಿನಲ್ಲಿ ವಾರಕ್ಕೆ ಮೂರು ದಿನ. ಐದು ವರ್ಷದ ಮಗಳನ್ನು ಕೂರಿಸಿಕೊಂಡು, ಕಾರಿನಲ್ಲೇ ನಲ್ಲಾರ್‌ಬೋರ್ ಬಯಲು ದಾಟುವುದೆಂದು ತೀರ್ಮಾನಿಸಿದ್ದೆವು.

ಅಂಗಡಿಯವನು ಇಟಲಿಯಿಂದ ಬಂದು ನೆಲೆಸಿದ ಮುದುಕ. ನಮ್ಮ ದಾರಿಯನ್ನೂ ನನ್ನ ಕೆಲಸವನ್ನೂ ಕೇಳಿ ತಿಳಿದುಕೊಂಡು, ಎರಡು ಟೈರುಗಳನ್ನು ಉರುಳಿಸಿಕೊಂಡು ಬಂದ. ಒಂದು ಗಟ್ಟಿ ರಬ್ಬರಿನದು. ಬಿಸಿಲಿಗೂ ಜಲ್ಲಿಗೂ ಜಗ್ಗುವುದಿಲ್ಲ, ವರ್ಷವಿಡೀ ಅದೇ ಸಾಕು ಎಂದ. ಇನ್ನೊಂದು ಚಳಿಗಾಲದ್ದು, ಮೆತ್ತನೆಯದು, ಆಳವಾದ ಸೀಳುಗಳಿದ್ದದ್ದು. "ಡಾಕ್ಟರಮ್ಮ ಬೆಟ್ಟ ಹತ್ತುವವರಾದರೆ, ಅಲ್ಲಿಗೆ ಹೋದ ಮೇಲೆ ಇಂಥದ್ದು ಹಾಕಿಸಿ. ಚಳಿಗೆ ಗಟ್ಟಿ ರಬ್ಬರು ರಸ್ತೆಯನ್ನು ಹಿಡಿಯುವುದಿಲ್ಲ," ಎಂದು ತನ್ನ ಇಂಗ್ಲಿಷಿನಲ್ಲಿ ಹೇಳಿದ.

"ರೀ, ಅವರು ಹೇಳೋದು ಸರಿ ಅನ್ಸತ್ತೆ," ಎಂದೆ.

ನನ್ನ ಗಂಡ ನಕ್ಕರು. "ಅಡಿಲೇಡಲ್ಲಿ ಎಲ್ಲಿದೆ ಸ್ನೋ? ಸುಮ್ನೆ ಹೆದರ್ಕೋತೀಯ. ಒಂದೇ ಸೆಟ್ ಎಲ್ಲಾ ಕಾಲಕ್ಕೂ ಆಗತ್ತೆ."

ಗಟ್ಟಿ ಟೈರುಗಳನ್ನೇ ಹಾಕಿಸಿದೆವು. ಬಯಲು ದಾಟುವಾಗ ಒಂದೂ ಪಂಕ್ಚರ್ ಆಗಲಿಲ್ಲ. ಅಡಿಲೇಡಿನ ಮನೆಯ ಮುಂದೆ ಇಳಿದ ನನ್ನ ಗಂಡ ಮುಂದಿನ ಚಕ್ರವನ್ನು ಕುದುರೆಯ ಕತ್ತಿನಂತೆ ತಟ್ಟಿದರು. ಬೆಟ್ಟಕ್ಕೆ ಬೇರೆ ಟೈರು ಬೇಕೆಂಬ ಮಾತನ್ನು ಆಮೇಲೆ ನಾನೂ ಎತ್ತಲಿಲ್ಲ.

ಪಕ್ಕದ ಬೀದಿಯಲ್ಲಿ ಮಂಗಳೂರಿನ ಕ್ರಿಶ್ಚಿಯನ್ ಆಂಟಿಯೊಬ್ಬರಿದ್ದರು. ಅವರ ಯಜಮಾನರು ಅಲ್ಲಿಯೇ ಡಾಕ್ಟರಾಗಿದ್ದು ತೀರಿಕೊಂಡಿದ್ದರು. ನಾವು ಬಂದ ಮೊದಲ ವಾರ ಮೂರು ಹೊತ್ತೂ ಊಟ ಕಳಿಸಿದವರು ಅವರೇ. ನನಗೆ ಕೆಲಸವಿದ್ದ ದಿನ ಮಗಳನ್ನು ಶಾಲೆಯಿಂದ ಕರೆತಂದು ಗಂಜಿ ಕುಡಿಸಿ ಮಲಗಿಸುತ್ತಿದ್ದರು. ನನ್ನನ್ನು 'ಮಗಾ' ಎಂದೇ ಕರೆಯುತ್ತಿದ್ದರು.

ಅಲ್ಲಿ ಜೂನ್ ಎಂದರೆ ಚಳಿಗಾಲ. ಆ ತಿಂಗಳ ಒಂದು ಬೆಳಿಗ್ಗೆ ಅವರು ಸೇಬು ಕೊಳ್ಳಬೇಕೆಂದು ನನ್ನ ಜೊತೆ ಬೆಟ್ಟಕ್ಕೆ ಹೊರಟರು. ಅವತ್ತು ಮಗಳು ಸ್ವೆಟರ್ ಹಾಕಿಕೊಳ್ಳುವುದಿಲ್ಲವೆಂದು ಹಟ ಮಾಡಿ, ಅವಳನ್ನು ಶಾಲೆಗೆ ಬಿಡುವ ಹೊತ್ತಿಗೆ ತಡವಾಗಿತ್ತು. ಒಂಬತ್ತಕ್ಕೆ ಕ್ಲಿನಿಕ್ಕಿನಲ್ಲಿ ಮೊದಲ ರೋಗಿ. ಸಣ್ಣಗೆ ಮಳೆ ಹನಿಯುತ್ತಿತ್ತು. ರಸ್ತೆಯ ಮೇಲೆ ನೀಲಗಿರಿ ಮರಗಳ ತೊಗಟೆ, ಎಲೆ ಉದುರಿ ಅಂಟಿಕೊಂಡಿದ್ದವು.

"ಎಂತ ಅವಸರ ಮಗಾ? ಸ್ವಲ್ಪ ಮೆಲ್ಲ ಹೋಗು," ಎಂದರು ಆಂಟಿ.

"ಏನಿಲ್ಲ ಆಂಟಿ, ದಿನಾ ಹೋಗೋ ರೋಡು," ಎಂದೆ.

ತಿರುವಿನ ಹಳದಿ ಫಲಕದಲ್ಲಿ ನಲವತ್ತೈದು ಎಂದಿತ್ತು. ನನ್ನ ಸ್ಪೀಡೋಮೀಟರಿನ ಮುಳ್ಳು ಎಪ್ಪತ್ತೈದರ ಮೇಲಿತ್ತು. ಅದನ್ನು ಕಣ್ಣಾರೆ ನೋಡಿದ್ದೆ. ಸ್ಟಿಯರಿಂಗ್ ತಿರುಗಿಸಿದೆ, ಕಾರು ತಿರುಗಲಿಲ್ಲ. ಅದು ನೆಟ್ಟಗೆ ಜಾರಿಕೊಂಡು ಹೋಗಿ, ಅರ್ಧ ಸುತ್ತು ಸುತ್ತಿ, ಆಂಟಿ ಕೂತಿದ್ದ ಬದಿಯಿಂದ ಮರಕ್ಕೆ ಬಡಿಯಿತು. ನನಗೆ ಹಣೆಯ ಮೇಲೊಂದು ಗೀರು, ಅಷ್ಟೇ. ಅವರ ಸೊಂಟದ ಮೂಳೆ ಎರಡು ಕಡೆ ಮುರಿದಿತ್ತು. ಅವರು ಕಿರುಚಲಿಲ್ಲ. ಕೊಂಕಣಿಯಲ್ಲಿ ಮೆಲ್ಲಗೆ ಪ್ರಾರ್ಥನೆ ಹೇಳುತ್ತಿದ್ದರು. ನಾನು ಡಾಕ್ಟರು, ಅವರ ನಾಡಿ ಹಿಡಿದು ಕೂತುಕೊಳ್ಳುವುದನ್ನು ಬಿಟ್ಟು ಏನೂ ಮಾಡಲಾಗಲಿಲ್ಲ.

ಆಸ್ಪತ್ರೆಗೆ ಪೊಲೀಸಿನವನು ಬಂದಾಗ ನನ್ನ ಗಂಡ ಪಕ್ಕದಲ್ಲೇ ನಿಂತಿದ್ದರು. ಎಷ್ಟು ವೇಗವಾಗಿ ಹೋಗುತ್ತಿದ್ದಿರಿ ಎಂದು ಅವನು ಕೇಳಿದ. "ನಲವತ್ತೈದು, ಹೆಚ್ಚೆಂದರೆ ಐವತ್ತು," ಎಂದೆ. ಯೋಚನೆಯೇ ಮಾಡದೆ ಬಾಯಿಂದ ಬಂತು. ಅವನು ಬರೆದುಕೊಂಡು, "ನಿಮ್ಮ ಟೈರು ನೋಡಿದೆ. ಇಂಥ ಚಳಿಯಲ್ಲಿ ಅದು ಮರದ ಹಾಗೆ ಬಿರುಸಾಗುತ್ತದೆ. ಬೆಟ್ಟಕ್ಕೆ ಅದು ಸರಿಯಲ್ಲ," ಎಂದ.

ನನ್ನ ಗಂಡನ ಮುಖದಲ್ಲಿ ರಕ್ತವಿಲ್ಲದಂತಾಯಿತು. ಆಗಲೇ ನಿಜ ಹೇಳಬಹುದಿತ್ತು. ಹೇಳಲಿಲ್ಲ.

ಆ ವಾರವೇ ಅವರು ಚಳಿಗಾಲದ ಟೈರು ತರಿಸಿದರು. ಆಮೇಲೆ ಪ್ರತಿವರ್ಷ ಮೇ ತಿಂಗಳಲ್ಲಿ ತಾವೇ ಜಾಕ್ ಹಾಕಿ ಟೈರು ಬದಲಿಸುವುದು, ಸೆಪ್ಟೆಂಬರಿನಲ್ಲಿ ಮತ್ತೆ ಬದಲಿಸುವುದು. ಭಾನುವಾರ ಬೆಳಿಗ್ಗೆ ಡ್ರೈವ್‌ವೇಯಲ್ಲಿ ಮಂಡಿಯೂರಿ, ಟೈರಿನ ಸೀಳಿನೊಳಗೆ ಬೆರಳಿಟ್ಟು ನೋಡುವ ಅವರನ್ನು ಅಡುಗೆಮನೆಯ ಕಿಟಕಿಯಿಂದ ನಾನು ನೋಡುತ್ತಿದ್ದೆ. ಅವರು ಏನನ್ನು ಹೊತ್ತುಕೊಂಡಿದ್ದಾರೆಂದು ನನಗೆ ಗೊತ್ತಿತ್ತು. ಕಾಫಿ ಮಾಡಿ ಕರೆಯುತ್ತಿದ್ದೆ.

ಆಂಟಿ ನಾಲ್ಕು ತಿಂಗಳು ಹಾಸಿಗೆ ಹಿಡಿದರು. ಎದ್ದ ಮೇಲೆ ಒಂದು ಕಾಲು ಗಿಡ್ಡವಾಗಿತ್ತು, ಕೈಗೆ ಕೋಲು ಬಂತು. ನನ್ನನ್ನು ಬೈಯಲಿಲ್ಲ. ಮಗಳಿಗೆ ಮೊದಲಿನ ಹಾಗೇ ತಿಂಡಿ ಕೊಡುತ್ತಿದ್ದರು. ಆದರೆ ನನ್ನನ್ನು 'ಮಗಾ' ಎನ್ನುವುದು ನಿಂತುಹೋಯಿತು.

ಎಂಬತ್ತರ ದಶಕದಲ್ಲಿ ನಾವು ಬ್ರಿಸ್ಬೇನಿಗೆ ಬಂದೆವು. ಮಗಳಿಗೆ ಹದಿನೇಳಾದಾಗ ಅವಳಿಗೊಂದು ಹಳೆಯ ಕಾರು ಕೊಡಿಸಿ ಟೈರಿನ ಅಂಗಡಿಗೆ ಹೋದೆವು. ಚಳಿಯೇ ಇಲ್ಲದ ಊರು. ಆದರೂ ನನ್ನ ಗಂಡ ಒಂದೊಂದೇ ಟೈರನ್ನು ಉಗುರಿನಿಂದ ಒತ್ತಿ ನೋಡುತ್ತಾ, ಮಳೆಯಲ್ಲಿ ಯಾವುದು ಹಿಡಿಯುತ್ತದೆಂದು ಕೇಳುತ್ತಾ ಒಂದು ಗಂಟೆ ಕಳೆದರು.

"ಡ್ಯಾಡ್, ದೇ ಆರ್ ಜಸ್ಟ್ ಟೈರ್ಸ್!" ಎಂದು ಮಗಳು ರೇಗಿದಳು.

ಅವರು ಅವಳತ್ತ ತಿರುಗಿದರು. "ಆಂಟಿ ಕುಂಟೋದು ನನ್ನಿಂದ. ನಿಮ್ಮಮ್ಮ ಬೇರೆ ಟೈರ್ ಹಾಕ್ಸಿ ಅಂದಿದ್ಲು, ನಾನು ಕೇಳ್ಲಿಲ್ಲ."

ಮಗಳು ನನ್ನ ಮುಖ ನೋಡಿದಳು. ನಾನು ಹೊರಗೆ ಬಂದು ಕಾರಿನಲ್ಲಿ ಕೂತೆ.

ಮಧ್ಯಾಹ್ನ ಊಟ ಮಾಡುವಾಗ ಹೇಳಿದೆ. "ಅವತ್ತು ನಾನು ಐವತ್ತರಲ್ಲಿ ಹೋಗ್ತಿರ್ಲಿಲ್ಲ. ಎಪ್ಪತ್ತೈದರಲ್ಲಿದ್ದೆ. ಆಂಟಿ ಮೆಲ್ಲಗೆ ಹೋಗು ಅಂದಿದ್ರು. ಯಾವ ಟೈರೂ ಹಿಡೀತಿರ್ಲಿಲ್ಲ."

ಅವರು ಕೈ ತೊಳೆದುಕೊಂಡು ಬಂದು ಮತ್ತೆ ಎದುರಿಗೆ ಕೂತರು. "ಹನ್ನೆರಡು ವರ್ಷ ನೀನು ನನ್ನನ್ನ ನೋಡ್ತಾ ಇದ್ದೆ," ಎಂದರು. ಆ ವಾರವೆಲ್ಲ ಅವರು ನನ್ನೊಡನೆ ಅಗತ್ಯಕ್ಕೆ ಬೇಕಾದಷ್ಟೇ ಮಾತಾಡಿದರು. ಎಂಟನೆಯ ದಿನ, ಪೇಪರಿನಿಂದ ತಲೆ ಎತ್ತದೆ, "ಆಂಟಿಗೆ ಹೇಳಿದ್ದೀಯಾ?" ಎಂದು ಕೇಳಿದರು.

"ಅವ್ರಿಗೆ ಗೊತ್ತಲ್ಲ."

"ಗೊತ್ತಿರೋದು ಬೇರೆ, ನೀನು ಹೇಳೋದು ಬೇರೆ."

ಅಡಿಲೇಡಿಗೆ ಫೋನು ಮಾಡಿದೆ. ಅವತ್ತಿನ ವೇಗವನ್ನೂ ಪೊಲೀಸಿಗೆ ಹೇಳಿದ ಸುಳ್ಳನ್ನೂ ಆಂಟಿಗೆ ಹೇಳಿದೆ. "ಆಸ್ಪತ್ರೆಯಲ್ಲಿ ನೀನು ಪೊಲೀಸಿಗೆ ಹೇಳಿದ್ದು ನನಗೆ ಆಮೇಲೆ ಗೊತ್ತಾಯ್ತು," ಎಂದರು. "ಇದನ್ನು ಹೇಳ್ಲಿಕ್ಕೆ ಇಷ್ಟು ವರ್ಷ ಎಂತಕ್ಕೆ ಬೇಕಾಯ್ತು ನಿಂಗೆ? ಕಾಲಿನ ನೋವು ನಂಗೆ ಅಭ್ಯಾಸ ಆಯ್ತು. ಇದು ಆಗ್ಲಿಲ್ಲ."

ಮುಂದಿನ ತಿಂಗಳು ನಾನೊಬ್ಬಳೇ ಅಡಿಲೇಡಿಗೆ ಹೋಗಿ ನಾಲ್ಕು ದಿನ ಅವರ ಮನೆಯಲ್ಲಿದ್ದೆ. ಅಡುಗೆ ಮಾಡಿದೆ, ಸೊಂಟಕ್ಕೆ ಎಣ್ಣೆ ತಿಕ್ಕಿದೆ. ತಮ್ಮ ಯಜಮಾನರ ಕಥೆ, ಊರಿನ ಕಥೆ ಎಲ್ಲ ಹೇಳಿದರು. ಕ್ಷಮಿಸಿದ್ದೇನೆ ಎನ್ನಲಿಲ್ಲ, ನಾನೂ ಕೇಳಲಿಲ್ಲ. ಚರ್ಚಿಗೂ ಮಾರ್ಕೆಟ್ಟಿಗೂ ನಾವಿಬ್ಬರೂ ಟ್ಯಾಕ್ಸಿಯಲ್ಲೇ ಓಡಾಡಿದೆವು. ಕಾರೊಂದನ್ನು ಬಾಡಿಗೆಗೆ ತರಲೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.