ಕಾಕುವಿನ ಸಮುದ್ರ, ಪೆಟ್ಟಿಗೆಯ ಸುಳ್ಳು

ಮೊನ್ನೆ ಅಟ್ಟದ ಮೇಲಿನ ಹಳೆಯ ಹಿಟ್ಟಿನ ಡಬ್ಬಿ ಇಳಿಸಿದಾಗ ಅದರೊಳಗಿಂದ ಒಂದು ಕರಿ ವೈರು ಜೋತುಬಿತ್ತು. ತುದಿಯಲ್ಲಿ ಬೆರಳಗಂಟಿನಷ್ಟು ಉದ್ದದ ಮೊನೆ, ಅದರ ಮೈಗೆ ಇನ್ನೂ ಬಿಳಿ ಉಪ್ಪು ಕಟ್ಟಿಕೊಂಡಿತ್ತು. ಮೂಗಿಗೆ ಹಿಡಿದು ನೋಡಿದೆ. ಇಷ್ಟು ವರ್ಷದ ಮೇಲೆ ವಾಸನೆ ಎಲ್ಲಿ ಉಳಿದಿರುತ್ತದೆ... ಆದರೂ ನನಗೆ ಬಂತು. ಹಂಚಿನ ಮೇಲೆ ಸೀದ ಜೋಳದ ಹಿಟ್ಟು ಮತ್ತು ಸಮುದ್ರದ ನೀರು, ಎರಡೂ ಕೂಡಿದ ವಾಸನೆ. ಇಡೀ ವಿಜಯಪುರದಲ್ಲಿ ಆ ವಾಸನೆ ಇದ್ದದ್ದು ಒಂದೇ ಕಡೆ, ನಮ್ಮ ಗೋಡೆಯಾಚೆಯ ಖಾನಾವಳಿಯಲ್ಲಿ. ವಾಸನೆಯ ಹಿಂದೆಯೇ ಸಿಟ್ಟೂ ಬಂತು. ಅದು ಮಾತ್ರ ಹಳತಾಗಿಲ್ಲ.

ಖಾನಾವಳಿ ನಡೆಸುತ್ತಿದ್ದವರನ್ನು ಎಲ್ಲರೂ ಕಾಕು, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು. ಸಾರವಾಡದ ಹೆಣ್ಣುಮಗಳು, ಗಂಡ ತೀರಿದ ಮೇಲೆ ವಿಜಯಪುರಕ್ಕೆ ಬಂದು ರೊಟ್ಟಿ ಬಡಿದು ನಿಂತವರು. ತಿಕೋಟಾದ ದ್ರಾಕ್ಷಿ ಬೆಳೆಗಾರರು, ಬಬಲೇಶ್ವರದ ಬಸ್ಸಿಗೆ ಕಾಯುವವರು, ಕಚೇರಿಯ ನೌಕರರು, ಎಲ್ಲರಿಗೂ ಅಲ್ಲೇ ಊಟ. ಒಮ್ಮೆ ಮಹಿಳಾ ಸಂಘದವರ ಜೊತೆ ಕಾರವಾರಕ್ಕೆ ಹೋಗಿದ್ದರಂತೆ. ಇಳಿತದ ಹೊತ್ತಿನಲ್ಲಿ ಬಂಡೆಯ ಸಂದಿಯಲ್ಲಿ ಉಳಿದ ಚೂರು ನೀರು, ಅದರೊಳಗೆ ಬೆರಳಷ್ಟು ಮೀನು. ಉಳಿದವರು ಊಟಕ್ಕೆ ಎದ್ದರೂ ಕಾಕು ಅಲ್ಲಿಂದ ಏಳಲಿಲ್ಲ. ಇದನ್ನು ಅವರು ಎಷ್ಟೋ ಸಲ ಹೇಳಿದ್ದರು, ಪ್ರತಿ ಸಲವೂ ಹಿಟ್ಟಿನ ಕೈ ಅಲ್ಲಾಡದೆ ನಿಲ್ಲುತ್ತಿತ್ತು.

ಹೀಗಾಗಿ, ದಿನಾ ಊಟಕ್ಕೆ ಬರುತ್ತಿದ್ದ ಒಬ್ಬ ಎಂಜಿನಿಯರ್ ವರ್ಗವಾಗಿ ಹೊರಟು, ತನ್ನ ಉಪ್ಪುನೀರಿನ ಮೀನಿನ ತೊಟ್ಟಿಯನ್ನು ಯಾರಾದರೂ ನೋಡಿಕೊಳ್ಳುತ್ತೀರಾ ಎಂದಾಗ, ಕಾಕು "ಇಲ್ಲಿ ತಂದ ಇಡ್ರಿ" ಎಂದುಬಿಟ್ಟರು. ಕೇಸರಿ ಮೈಗೆ ಬಿಳಿ ಪಟ್ಟೆಯ ಎರಡು ಮೀನು. ಕಾಕು ಅವನ್ನು ಗಂಡ-ಹೆಂಡತಿ ಅನ್ನುತ್ತಿದ್ದರು. ಆತ ಎಲ್ಲ ಕಲಿಸಿಕೊಟ್ಟು ಹೋದ. ಉಪ್ಪು ಎಷ್ಟು ಕಲಸಬೇಕು, ನೀರು ಯಾವಾಗ ಬದಲಿಸಬೇಕು... ಎಲ್ಲಕ್ಕಿಂತ ಮುಖ್ಯ, ನೀರಿನ ಬಿಸಿ ಇಪ್ಪತ್ತಾರು ಡಿಗ್ರಿಯ ಹತ್ತಿರವೇ ಇರಬೇಕು. ಅದಕ್ಕೊಂದು ಪುಟ್ಟ ಪೆಟ್ಟಿಗೆ. ಅದರ ವೈರಿನ ತುದಿಯ ಸೆನ್ಸರ್ ನೀರಲ್ಲಿ ಮುಳುಗಿರುತ್ತಿತ್ತು. ನೀರು ತಣ್ಣಗಾದರೆ ಪೆಟ್ಟಿಗೆ ಹೀಟರ್ ಹಚ್ಚಬೇಕು, ಬಿಸಿಯಾದರೆ ಆರಿಸಬೇಕು.

ಊಟಕ್ಕೆ ಬಂದವರೆಲ್ಲ ಚೇಷ್ಟೆ ಮಾಡುತ್ತಿದ್ದರು. ಅರಕೇರಿಯ ಒಬ್ಬ ರೈತನಂತೂ ಗಾಜಿಗೆ ಮೂಗು ಹಚ್ಚಿ, "ಕಾಕು, ಇವನ್ನ ಯಾವತ್ತ ಸಾರಿಗೆ ಹಾಕ್ತೀರಿ?" ಅನ್ನುತ್ತಿದ್ದ.

"ಮೊದಲ ನಿನ್ನ ಹಾಕ್ತೀನಿ, ಮೂಗ ಹಿಂದಕ್ಕ ತಗೀ. ಆ ಹೆಣ್ಣಮಗಳು ನಿನ್ನ ಮಾರಿ ನೋಡಿ ಅಂಜಾಕತ್ತಾಳ."

ನಮ್ಮ ಬೇಸಿಗೆ ಎಂಥದ್ದು ಎಂದು ಹೇಳಬೇಕಾಗಿಲ್ಲ. ಆ ಬೇಸಿಗೆಯನ್ನೇ ಕಾಕು ದಾಟಿಸಿದರು. ತೊಟ್ಟಿಯನ್ನು ಒಲೆಯಿಂದ ದೂರ, ಮುಂದಿನ ಬಾಗಿಲ ಪಕ್ಕಕ್ಕೆ ಸರಿಸಿದರು. ಹಿಂದೆ ಒದ್ದೆ ಗೋಣಿತಟ್ಟು, ನೀರಿನ ಮೇಲೆ ಮಂಜುಗಟ್ಟಿಸಿದ ಬಾಟಲಿ, ಮೇಲೊಂದು ಫ್ಯಾನು. ತಮಗೆ ಫ್ಯಾನು ಇರಲಿಲ್ಲ.

ಒಂದೇ ತೊಡಕು. ವರ್ಷಗಟ್ಟಲೆ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಿಂದ ತಿರುವಿದ ಕೈ ಅವರದು. ಅಂಗೈ, ಬೆರಳು ಎಲ್ಲ ದಡ್ಡುಗಟ್ಟಿದ್ದವು. ಕುದಿಯುವ ಚಹಾದ ಪಾತ್ರೆಯನ್ನು ಇಕ್ಕಳವಿಲ್ಲದೆ ಇಳಿಸುತ್ತಿದ್ದರು. "ನನ್ನ ಕೈಗೆ ಬಿಸಿ-ತಂಪ ಎರಡೂ ಒಂದ ಆಗ್ಯಾವು ತಂಗಿ. ಈ ಕೈ ನಂಬಿದ್ರ ಮೀನ ಹೋಗ್ತಾವು" ಎಂದು ಅವರೇ ನಗುತ್ತಿದ್ದರು. ಪೆಟ್ಟಿಗೆಯನ್ನು ಅವರು ಶೋಕಿಗೆ ಇಟ್ಟಿರಲಿಲ್ಲ. ಅದಿಲ್ಲದಿದ್ದರೆ ಅವರ ಪಾಲಿಗೆ ಆ ನೀರು ಬರೀ ನೀರು. ಅದಕ್ಕೇ ಬೆಳಿಗ್ಗೆ ಹಾಲು ಕಾಸಿಟ್ಟು ನಾನು ಒಂದು ಗಳಿಗೆ ಹೋಗುತ್ತಿದ್ದೆ. ಹೆಪ್ಪು ಹಾಕುವ ಹಾಲನ್ನು ನೋಡುವಂತೆ ಮಣಿಕಟ್ಟನ್ನು ನೀರಿಗೆ ತಾಗಿಸಿ "ಸರಿ ಐತ್ರಿ" ಅನ್ನುತ್ತಿದ್ದೆ. ಸೌಟು ಕಡ ಕೇಳಿದಂತೆ ಗೋಡೆಯಾಚೆಯಿಂದ ಕರೆಯುತ್ತಿದ್ದರು, "ಏ ತಂಗಿ, ನಿನ್ನ ಮಣಿಕಟ್ಟ ಕೊಡ ಬಾ ಸ್ವಲ್ಪ!"

ದೀಪಾವಳಿಯ ಆಸುಪಾಸಿಗೆ ಹಳೆಯ ಪೆಟ್ಟಿಗೆ ಕೆಟ್ಟಿತು. ಪೇಟೆಯಲ್ಲಿ ಮೀನಿನ ಸಾಮಾನು ಮಾರುವ ಅಂಗಡಿಯವನೊಬ್ಬನಿದ್ದ. ಅವನೂ ಕಾಕುವಿನ ಕೈಯ ಊಟದವನೇ. ಹೊಸ ಪೆಟ್ಟಿಗೆ ಅವನಿಂದಲೇ ಬಂತು. ಎಳ್ಳ ಅಮಾವಾಸ್ಯೆಗೆ, ನಮ್ಮ ಎಳ್ಳಮಾಸಿಗೆ, ಐದಾರು ದಿನ ಇರುವಾಗ ಇನ್ನೊಂದು ಸಂಭ್ರಮ. ಒಡೆದ ಗಡಿಗೆಯ ಚೂರೊಂದನ್ನು ಕಾಕು ತೊಟ್ಟಿಯೊಳಗೆ ಒರಗಿಸಿಟ್ಟಿದ್ದರು. ಅದರ ಮೇಲೆ ಹೆಣ್ಣುಮೀನು ಮೊಟ್ಟೆ ಇಟ್ಟಿತು! ರಾಗಿ ಕಾಳಿನಂಥ ಕೇಸರಿ ಮೊಟ್ಟೆ. ಗಂಡುಮೀನು ಹಗಲೆಲ್ಲ ಅದರ ಮುಂದೆ ನಿಂತು ರೆಕ್ಕೆಯಿಂದ ಗಾಳಿ ಹಾಕುತ್ತಿತ್ತು. ಕಾಕು ಊಟಕ್ಕೆ ಕೂತವರನ್ನು ಎಬ್ಬಿಸಿ ತೋರಿಸಿದರು. "ನೋಡ್ರೋ, ಗಂಡಸ ಅಂದ್ರ ಹಿಂಗಿರಬೇಕು" ಎಂದರು. ಎಂಜಿನಿಯರಿಗೆ ಫೋನು ಹೋಯಿತು. ಮರಿಯಾಗುವವರೆಗೂ ನೀರಿನ ಬಿಸಿ ಏರುಪೇರಾಗಬಾರದು ಎಂದು ಆತ ಹೇಳಿದ. ಆಮೇಲೆ ಕಾಕು ನೀರಿನ ಬಿಸಿ ತೋರಿಸುವ ಪೆಟ್ಟಿಗೆಯ ಕೆಂಪು ಅಂಕಿಯನ್ನು ದೇವರ ದೀಪದಂತೆ ನೋಡತೊಡಗಿದರು.

ಎಳ್ಳಮಾಸಿಯ ಹಿಂದಿನ ದಿನ. ಥಂಡಿ ಬಿದ್ದಿತ್ತು. ಸಜ್ಜೆ ರೊಟ್ಟಿಗೆ ಊರವರೆಲ್ಲ ಹೇಳಿಟ್ಟಿದ್ದರು, ಒಲೆ ಆರುವಂತಿರಲಿಲ್ಲ. ನಾನು ಮಣಿಕಟ್ಟು ತಾಗಿಸಿದೆ. ಬೆಚ್ಚಗಲ್ಲ, ಬಿಸಿ. ಕೂಸಿಗೆ ಎರೆಯುವ ನೀರಿನಂತೆ. "ಕಾಕು, ನೀರ ಬಿಸಿ ಆಗ್ಯಾವ ನೋಡ್ರಿ" ಎಂದೆ. ಪೆಟ್ಟಿಗೆ ನೋಡಿದರೆ ಇಪ್ಪತ್ನಾಲ್ಕು. ಹೀಟರ್ ಉರಿಯುತ್ತಲೇ ಇತ್ತು. ಕಾಕು ಕೈ ಅದ್ದಿದರು, ತಲೆ ಅಲ್ಲಾಡಿಸಿದರು, ಅಂಗಡಿಯವನಿಗೆ ಫೋನು ಹಚ್ಚಿ ನನಗೂ ಕೇಳುವಂತೆ ಇಟ್ಟರು.

"ಬಾಕ್ಸ್ ಎಷ್ಟ ತೋರಸಾಕತ್ತೈತ್ರಿ ಕಾಕು?"

"ಇಪ್ಪತ್ನಾಕು. ಆದ್ರ ಬಾಜೂ ಮನಿ ತಂಗಿ ಕೈಯಿಟ್ಟ ನೋಡಿ ಬಿಸಿ ಅನ್ನಾಕತ್ತಾಳಪಾ."

"ಥಂಡ್ಯಾಗ ಕೈ ತಣ್ಣಗಿರ್ತಾವ್ರೀ, ಯಾವ ನೀರ ಮುಟ್ಟಿದ್ರೂ ಬಿಸೀನ ಅನಸ್ತಾವು. ಹೀಟರ್ ತಗದ್ರ ಮೊಟ್ಟಿ ಸಾಯ್ತಾವ ನೋಡ್ರಿ ಮತ್ತ. ಕೈ ನಂಬ್ತೀರೋ, ಮಿಷನ್ ನಂಬ್ತೀರೋ?"

ಕಾಕು ನನ್ನ ಮುಖ ನೋಡಿದರು, ಮೊಟ್ಟೆ ನೋಡಿದರು. ಮಿಷನ್ ನಂಬಿದರು. ಯಾರಾದರೂ ಅದನ್ನೇ ಮಾಡುತ್ತಿದ್ದರು. ಅವನು ತಿಳಿದವನು, ಮಾರುವವನು.

ಮಧ್ಯಾಹ್ನ ಗೋಡೆಯಾಚೆಯಿಂದ ಕೂಗು ಕೇಳಿ ಓಡಿದೆ. ಹೆಣ್ಣುಮೀನು ಒಂದು ಮಗ್ಗುಲಾಗಿ ತೇಲುತ್ತಿತ್ತು. ಗಂಡುಮೀನಿನ ಬಾಯಿ ಪಟಪಟ ತೆರೆಯುತ್ತಿತ್ತು, ಆದರೂ ಅದು ಗಡಿಗೆಯ ಚೂರಿನ ಮುಂದಿನಿಂದ ಸರಿದಿರಲಿಲ್ಲ... ಕಾಕು ಹೀಟರಿನ ಪ್ಲಗ್ ಕಿತ್ತು, ಮಣ್ಣಿನ ಹರವಿಯ ತಣ್ಣೀರನ್ನು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ ತೊಟ್ಟಿಗೆ ಇಳಿಬಿಟ್ಟರು. ಪೆಟ್ಟಿಗೆ ಆಗಲೂ ಇಪ್ಪತ್ನಾಲ್ಕು ಅನ್ನುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಎರಡೂ ಹೋದವು. ಮೊಟ್ಟೆಗಳು ಬೆಳ್ಳಗಾಗಿದ್ದವು. ಬೇಸಿಗೆಯಲ್ಲಿ ಬದುಕಿದ ಮೀನು ಎಳ್ಳಮಾಸಿಯ ಚಳಿಯಲ್ಲಿ ಬೆಂದುಹೋದವು.

ಹಬ್ಬ ಮುಗಿದ ಮೇಲೆ ಇಬ್ಬರೂ ಅಂಗಡಿಗೆ ಹೋದೆವು. ಅವನು ಮೊದಲು, ವೈರು ನೀರಿನಿಂದ ಹೊರಗೆ ಬಂದಿರಬೇಕು ಎಂದ. ಬಂದಿರಲಿಲ್ಲ ಎಂದೆ. ಆಮೇಲೆ ಉಪ್ಪು ತಂತಿ ತಿಂದಿರಬೇಕು ಎಂದ. ಉಪ್ಪುನೀರಿಗೆಂದೇ ಮಾರಿದ ವಸ್ತುವಿಗೆ! ಕಾಕು ಒಂದು ಮಗ್ಗಿನಲ್ಲಿ ನೀರು ತರಿಸಿ, "ನಾಕ ಹೊಸಾ ಬಾಕ್ಸ್ ತಗದ ಇದರಾಗ ಬಿಡ" ಎಂದರು. ಗಿರಾಕಿಗಳು ನೋಡುತ್ತಿದ್ದರು, ಅವನು ತೆಗೆಯಲೇಬೇಕಾಯಿತು. ಒಂದೇ ಮಗ್ಗು, ಒಂದೇ ನೀರು, ನಾಲ್ಕು ಪೆಟ್ಟಿಗೆ, ನಾಲ್ಕು ಮಾತು.

"ಒಂದೆರಡ ಡಿಗ್ರಿ ಹೆಚ್ಚುಕಮ್ಮಿ ಇದ್ದ ಇರತೈತ್ರಿ ಕಾಕು. ಅಡ್ಜಸ್ಟ್ ಮಾಡ್ಕೋಬೇಕು."

"ನನ್ನ ರೊಟ್ಟಿ ಒಂದ ಮಗ್ಗಲ ಹಸಿ ಇದ್ರ ನೀ ಅಡ್ಜಸ್ಟ್ ಮಾಡ್ಕೋತೀಯೇನಲೇ? ತಾಟ ಮಾರಿಮ್ಯಾಲ ಒಗೀತಿ!"

ಸುತ್ತಲಿನವರು ನಕ್ಕರು. ಅವನಿಗೆ ಅವಮಾನವಾಯಿತೇನೋ, ಆ ಮಾತು ಆಗ ಆಡಿದ. "ರೊಟ್ಟಿ ಬಡಿಯೋರಿಗೆ ಸಮುದ್ರದ ಮೀನ ಯಾಕ ಬೇಕಿತ್ರೀ? ವಿಜಾಪುರದಾಗ ಅವು ಬದುಕ್ತಾವೇನು?"

ನನ್ನ ಸಿಟ್ಟು ನಿಂತಿರುವುದು ಈ ಮಾತಿನ ಮೇಲೆ. ಬದುಕಿದ್ದವು! ಇಡೀ ಬೇಸಿಗೆ ಬದುಕಿದ್ದವು, ಮೊಟ್ಟೆ ಇಟ್ಟಿದ್ದವು. ಕೆಟ್ಟದ್ದು ಅವನ ಸೆನ್ಸರ್. ಆದರೆ ಆ ದಿನದಿಂದ ಊರೆಲ್ಲ ಆಡಿದ್ದು ಅವನ ಮಾತನ್ನೇ. ಕಾಕುಗೆ ಇಲ್ಲದ ಉಸಾಬರಿ ಯಾಕೆ ಬೇಕಿತ್ತು, ಸಮುದ್ರ ಇದ್ದಲ್ಲಿ ಇದ್ದರೆ ಚೆಂದ, ಹೀಗೆ. ಊಟ ಮಾಡುತ್ತಲೇ, ಅವರ ರೊಟ್ಟಿ ಮುರಿಯುತ್ತಲೇ ಆಡಿದರು. ಸುಳ್ಳು ಹೇಳಿದ್ದು ಯಂತ್ರ, ಮಾರಿದ್ದು ಅಂಗಡಿಯವನು, ತಪ್ಪು ಮಾತ್ರ ಆಸೆಪಟ್ಟವಳದು. ಇದು ಯಾವ ನ್ಯಾಯ?

ಕಾಕು ಮತ್ತೆ ಮೀನು ತರಲಿಲ್ಲ. ತೊಟ್ಟಿಯನ್ನು ತೊಳೆದು, ಒಣಗಿಸಿ, ಅದರಲ್ಲಿ ಖಡಕ್ ರೊಟ್ಟಿ ಒಟ್ಟಿದರು. ಹೊಸಬರು ಅದನ್ನು ರೊಟ್ಟಿಗೆಂದೇ ಮಾಡಿಸಿದ್ದು ಎಂದುಕೊಳ್ಳುತ್ತಿದ್ದರು. ಕೆಟ್ಟ ಪೆಟ್ಟಿಗೆಯನ್ನು ನನ್ನ ಕೈಗಿಟ್ಟರು. "ಒಗೀಬ್ಯಾಡ. ನನ್ನ ಕಡೆ ಇದ್ರ ಒಲಿಗೆ ಹಾಕ್ತೀನಿ."

ಅಂಗಡಿಯವನು ನಾಚಿಕೆಯಿಲ್ಲದೆ ಮತ್ತೆ ಊಟಕ್ಕೆ ಬಂದ. ಕಾಕು ಬಡಿಸಿದರು. ತಾಟಿಗೆ ರೊಟ್ಟಿ ಇಡುವಾಗ ಮೆಲ್ಲಗೆ ಕೇಳಿದರು, "ಯಾರ ತಪ್ಪು?"

"ಬಿಡ್ರಿ ಕಾಕು, ಆಗಿ ಹೋತು."

ಮರುದಿನವೂ ಬಿಸಿ ರೊಟ್ಟಿ, ಮೇಲೆ ಬೆಣ್ಣೆ, ಮತ್ತದೇ ಪ್ರಶ್ನೆ. ದಿನಾ ಕೇಳಿದರು, ಒಂದು ಸಲವೂ ದನಿ ಏರಿಸಲಿಲ್ಲ. 'ಸೆನ್ಸರ್ ತಪ್ಪು' ಎಂಬ ಎರಡು ಶಬ್ದ ಸಾಕಿತ್ತು ಅವರಿಗೆ. ಕೊನೆಗೆ ಅವನು ಬರುವುದನ್ನೇ ಬಿಟ್ಟ. ಎರಡು ಶಬ್ದ ಆಡುವುದಕ್ಕಿಂತ ಅಂಥ ರೊಟ್ಟಿ ಬಿಡುವುದು ಅವನಿಗೆ ಹಗುರವಾಯಿತು.

ಕಾಕು ಹೋಗಿ ಈಗ ಕೆಲವು ವರ್ಷವಾಯಿತು. ಕೊನೆಯ ಸಲ ಜ್ವರ ಬಂದಾಗ ದವಾಖಾನೆಯ ಹುಡುಗಿ ಹಣೆಗೆ ಮಿಷನ್ ಹಿಡಿದರೆ, "ಅದನ್ನ ಬಿಡವ್ವಾ, ನಮ್ಮ ತಂಗಿ ಮಣಿಕಟ್ಟ ತರ್ಸು" ಎಂದಿದ್ದರು... ಖಾನಾವಳಿಯ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ತೊಟ್ಟಿ ಎಲ್ಲಿ ಹೋಯಿತೋ ತಿಳಿಯದು.

ಮೊನ್ನೆ ಆ ಪೆಟ್ಟಿಗೆಯ ಧೂಳು ಒರೆಸಿ ಪ್ಲಗ್ಗಿಗೆ ಹಚ್ಚಿದೆ. ಸುಡುಬಿಸಿಲು, ಅಂಗಳದಲ್ಲಿ ಕಾಲಿಡುವಂತಿರಲಿಲ್ಲ, ಫ್ಯಾನಿನ ಗಾಳಿಯೂ ಸುಡುತ್ತಿತ್ತು. ಕೆಂಪು ಅಂಕಿ ಒಮ್ಮೆ ಮಿಣುಕಿ ನಿಂತಿತು. ಇಪ್ಪತ್ನಾಲ್ಕು.

ಉಪ್ಪು ಕಟ್ಟಿದ ಮೊನೆಯನ್ನು ಮಣಿಕಟ್ಟಿಗೆ ಒತ್ತಿ ಹಿಡಿದು, ಕಾಕು ಕೇಳುತ್ತಿದ್ದಂತೆಯೇ ಮೆಲ್ಲಗೆ ಕೇಳಿದೆ, "ಯಾರ ತಪ್ಪು?" ಇದನ್ನು ಕೇಳುವವಳು ಈಗ ನಾನೊಬ್ಬಳೇ ಉಳಿದಿದ್ದೇನೆ.