ನೆತ್ತಿಯ ಗುಳಿ

ಎಂಟು ತಿಂಗಳ ಕೂಸನ್ನು ಎತ್ತಿಕೊಂಡು ಮಗಳು ಮಸ್ಕಿಯ ನಮ್ಮ ಮನೆಗೆ ಬಂದಿದ್ದಳು. ಚಳಿ ಇನ್ನೂ ಬಿಟ್ಟಿರಲಿಲ್ಲ. ಬಂದ ಮರುದಿನ ಕೂಸು ಕುಡಿದ ಹಾಲೆಲ್ಲ ಕಕ್ಕಿತು, ಮೈ ಬೆಚ್ಚಗಾಯಿತು. ಅದರ ಮಾರನೆಯ ಬೆಳಿಗ್ಗೆಯಿಂದ ಭೇದಿ, ಬರೀ ನೀರು. ಒಂದು ಬಟ್ಟೆ ಹಿಂಡಿ ಹರವುವಷ್ಟರಲ್ಲಿ ಇನ್ನೊಂದು ಒದ್ದೆ.

"ಹಲ್ಲು ಬರಾಕತ್ತಾವ, ಅದಕ್ಕ ಹಂಗ," ಅಂದರು ನಮ್ಮ ಅತ್ತೆ. ಹಲ್ಲಿನ ಕಾಲವೇ ಆದ್ದರಿಂದ ನಾನೂ ಹೂಂ ಅಂದೆ. ಮಗಳು ಚಮಚದಲ್ಲಿ ನೀರು ಹಿಡಿದರೆ ಅತ್ತೆ ತಡೆದರು. "ಬ್ಯಾಡ ಬೇ, ಒಳಗ ಹೋದಷ್ಟೂ ಹೊರಗ ಬರ್ತೈತಿ."

ಮಧ್ಯಾಹ್ನ ತಲೆ ಸವರುತ್ತಿದ್ದ ಅವರ ಕೈ ನಿಂತಿತು. "ಇಲ್ಲಿ ನೋಡ್ರೇ, ನೆತ್ತಿ ಬಿದ್ದೈತಿ!"

ನೆತ್ತಿಯ ಮೆತ್ತನೆಯ ಜಾಗ ಗುಳಿಬಿದ್ದಿತ್ತು. ನೆತ್ತಿ ಬಿದ್ದರೆ ಔಡಲೆಣ್ಣೆ ಹಾಕುವುದು ನಮ್ಮಲ್ಲಿ ರೂಢಿ. ಅತ್ತೆ ಹಾಕಿದರು. ಎಣ್ಣೆ ಅಲ್ಲೇ ನಿಂತುಕೊಂಡಿತು. ಕೂಸು ಅಳಲು ಬಾಯಿ ತೆರೆಯಿತು.

"ಯವ್ವಾ, ಕಣ್ಣಾಗ ನೀರ ಬರವಲ್ದು," ಅಂದಳು ಮಗಳು.

ಎದುರುಮನೆಯವರ ಕಾರಿನಲ್ಲಿ ಆಗಲೇ ಲಿಂಗಸುಗೂರಿನ ಆಸ್ಪತ್ರೆಗೆ ಹೊರಟೆವು. ದಾರಿಯುದ್ದಕ್ಕೂ ಮಗಳು ಕೂಸನ್ನು ಕರೆಯುತ್ತಲೇ ಇದ್ದಳು. ಅದು ಕಣ್ಣು ತೆರೆದಂತೆ ಮಾಡಿ ಮುಚ್ಚುತ್ತಿತ್ತು.

ಡಾಕ್ಟರು ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರು. ಮಡಿಕೆ ಹಾಗೇ ಉಳಿದು, ನಿಧಾನವಾಗಿ ಇಳಿಯಿತು.

"ಎಣ್ಣಿ ಯಾರು ಹಚ್ಚಿದ್ರಿ?"

"ನಾನ್ರೀ," ಅಂದರು ಅತ್ತೆ, ಸೆರಗು ಎಳೆದುಕೊಂಡು.

"ನೀವು ನೋಡಿದ್ದು ಖರೇ ಐತಿ ಅಮ್ಮಾ. ಮೈಯಾಗಿನ ನೀರು ಹೋದ್ರ ನೆತ್ತಿ ಬೀಳ್ತೈತಿ. ಎಣ್ಣಿ ಹಾಕಿದ್ರ ಏಳಂಗಿಲ್ಲ, ನೀರು ಒಳಗ ಹೋಗಬೇಕು. ಇದು ರೋಟಾ ವೈರಸ್ ಇದ್ದಂಗೈತಿ, ಸಣ್ಣ ಕೂಸುಗಳನ್ನ ಒಂದ ದಿನಕ್ಕ ಹಿಂಡಿಬಿಡ್ತೈತಿ." ಸಲೈನ್ ಹಚ್ಚಿಸಿ, "ಉಚ್ಚಿ ಹೊಯ್ದ ಕೂಡ್ಲೇ ಹೇಳ್ರಿ. ಅಲ್ಲೀತನಕ ನನಗೂ ಸಮಾಧಾನಿಲ್ಲ," ಅಂದರು.

ಕೂಸಿನ ಕಣ್ಣು ಸ್ವಲ್ಪ ತೆರೆದ ಮೇಲೆ ಓಆರ್‌ಎಸ್ ನೀರು ಕುಡಿಸಲು ಹೇಳಿದರು. ಚಮಚ ಹಿಡಿದವರು ಅತ್ತೆಯೇ. ಮಗಳನ್ನು ಹತ್ತಿರ ಬಿಡಲಿಲ್ಲ.

"ಕುಡಿ ನಮ್ಮವ್ವ. ಹೊರಗ ಬರ್ಲಿ, ಮತ್ತ ಕುಡಿಸ್ತೀನಿ."

ಹೊತ್ತು ಇಳಿಯುವಾಗ ಅವರು ಇದ್ದಕ್ಕಿದ್ದಂತೆ ಕೂಗಿದ್ದಕ್ಕೆ ವಾರ್ಡೇ ತಿರುಗಿ ನೋಡಿತು.

"ಹೊಯ್ದಳು! ನನ್ನ ಸೀರಿ ಮ್ಯಾಲ!"

ನರ್ಸ್ ಓಡಿ ಬಂದಳು. "ಭೇದಿ ಇರಬೇಕ್ರೀ ಅಜ್ಜಿ."

"ಮುಟ್ಟಿ ನೋಡ ಬೇ, ಒಣಗೋದ್ರಾಗ."

ಅವಳು ಬಗ್ಗಿ, ಸೀರೆಯನ್ನು ಬೆಳಕಿಗೆ ಹಿಡಿದು ನೋಡಿದಳು. "ಉಚ್ಚೀನ ಐತ್ರೀ," ಅಂದು ಡಾಕ್ಟರನ್ನು ಕರೆಯಲು ಹೋದಳು. ಬದಲಿಸಲು ನಾನು ಬೇರೆ ಸೀರೆ ಕೊಟ್ಟರೆ ಅತ್ತೆ ತೆಗೆದುಕೊಳ್ಳಲಿಲ್ಲ.

"ಡಾಕ್ಟರು ನೋಡ್ಲಿ ತಡಿ."